ಕಾಯಕದಲ್ಲಿ ಸವೆದ ಕಾಯ

ಕಾಯಕವೆಂಬ ಶಬ್ದದಲ್ಲಿ ಕಾಯವು ಮೊದಲು. ಕಾಯದಿಂದ ನಡೆಯುವುದಾದುದರಿಂದಲೇ ಅದು ಕಾಯಕ. ಶರಣಧರ್ಮವು ದುಡಿಮೆಯನ್ನು ಕೈಲಾಸಕ್ಕೆ ಸಮನಾಗಿ ಎತ್ತಿ ಹಿಡಿಯಿತೆಂಬುದು ಇಂದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಸಭೆಗಳಲ್ಲಿ, ಜಯಂತಿಗಳಲ್ಲಿ, ಮದುವೆಯ ಕರೆಯೋಲೆಗಳ ನೆತ್ತಿಯ ಮೇಲೆ ಸಹ ಆ ಮಾತು ಮೆರೆಯುತ್ತದೆ. ಆದರೆ ಆ ಕಾಯಕವನ್ನು ನಲವತ್ತು ವರ್ಷ ಹೊತ್ತು ನಡೆದ ಕಾಯವು ಕೊನೆಗೆ ಏನಾಗುತ್ತದೆ, ಕೈ ಸೋತ ದಿನ ಅನ್ನವು ಎಲ್ಲಿಂದ ಬರಬೇಕು, ಆ ದಿನಕ್ಕೆಂದು ಮೊದಲೇ ಒಂದಿಷ್ಟನ್ನು ಎತ್ತಿಡುವುದು ಭಕ್ತನಿಗೆ ಸಲ್ಲುವ ನಡೆಯೋ ಸಲ್ಲದ ನಡೆಯೋ ಎಂಬ ಪ್ರಶ್ನೆಗಳನ್ನು ಅದೇ ಸಭೆಗಳಲ್ಲಿ ಕೇಳುವವರು ವಿರಳ. ಕಾಯಕವನ್ನು ಹೊಗಳಿ ಕಾಯವನ್ನು ಮರೆಯುವುದು ಎತ್ತಿನ ದುಡಿಮೆಯನ್ನು ಹಾಡಿ ಎತ್ತಿಗೆ ಮೇವು ಹಾಕದಿರುವಂತಹ ನಡೆ.

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಬಹುದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು, ಅದರ ಅಂಚಿನ ಮೇಲೆ ಕುಳಿತು, ಎದೆಯನ್ನು ಮುಂದಕ್ಕೆ ಬಾಗಿಸಿ ಅವನು ನೇಯುತ್ತಾನೆ. ಒಂದು ಕೈ ಲಾಳಿಯನ್ನು ಓಡಿಸುತ್ತದೆ. ಮತ್ತೊಂದು ಕೈ ಹಣಿಗೆಯನ್ನು ಬಡಿಯುತ್ತದೆ. ಕಾಲುಗಳು ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದರಂತೆ ಮೆಟ್ಟುತ್ತವೆ. ಸೀರೆಯ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವು ಇಳಕಲ್ ಸೀರೆಯ ಹೆಗ್ಗಳಿಕೆ. ಅದು ಕಣ್ಣನ್ನು ಹಿಂಡುವ ಕೆಲಸವೂ ಹೌದು. ಹದಿನಾರರ ಪ್ರಾಯದಲ್ಲಿ ಕುಣಿಗಿಳಿದವನಿಗೆ ನಲವತ್ತು ತುಂಬುವ ಹೊತ್ತಿಗೆ ಚಾಳೀಸು ಬರುತ್ತದೆ. ಕಣ್ಣಿನ ಮಸೂರವು ವಯಸ್ಸಿನೊಡನೆ ಬಿಗಿದುಕೊಳ್ಳುವುದರಿಂದ ಹತ್ತಿರದ ಎಳೆ ಮಸುಕಾಗುವುದು ಎಲ್ಲರಿಗೂ ಸಹಜವೇ. ಆದರೆ ವರ್ತಕನಿಗೆ ಅದು ಕನ್ನಡಕದ ಖರ್ಚು, ನೇಕಾರನಿಗೆ ಕೂಲಿಯ ಕುಂದು. ಐವತ್ತರ ಸುಮಾರಿಗೆ ಬೆನ್ನು ಮಾತಾಡತೊಡಗುತ್ತದೆ. ಬೆನ್ನುಮೂಳೆಯ ನಡುವಣ ಮೆತ್ತೆಗಳಿಗೆ ಪ್ರಾಯದವರಲ್ಲಿ ನೇರವಾದ ರಕ್ತಸಂಚಾರವಿಲ್ಲ. ದೇಹವು ಬಾಗಿ, ನಿಮಿರಿ, ನಡೆದಾಡಿದಾಗಲೇ ಅವಕ್ಕೆ ಪೋಷಣೆ ಸೇರುತ್ತದೆ. ದಿನವಿಡೀ ಒಂದೇ ಭಂಗಿಯಲ್ಲಿ ಬಾಗಿದ ಬೆನ್ನು ಹಸಿದ ಬೆನ್ನು. ಮಳೆಗಾಲದಲ್ಲಿ ಕುಣಿಯ ತೇವವು ಮೊಣಕಾಲಿಗೇರುವುದನ್ನು ಆ ಬೀದಿಯ ಯಾವ ಹಿರಿಯನಾದರೂ ಹೇಳಿಯಾನು.

ನೇಕಾರನೊಬ್ಬನ ಪಾಡು ಮಾತ್ರವೇ ಇದು? ಪೇಟೆಯ ಹಮಾಲನ ಹೆಗಲ ಮೇಲೆ ಕ್ವಿಂಟಲ್ ತೂಕದ ಧಾನ್ಯದ ಚೀಲವು ಬಹುಕಾಲ ಸಾಮಾನ್ಯವಾಗಿದ್ದಿತು. ಪ್ರಾಯದ ಗಂಡಾಳು ಹೊರಬಹುದಾದ ಹೊರೆಗೆ 55 ಕಿಲೋಗ್ರಾಂ ಮಿತಿಯೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದ್ದರೂ, ಅದು ಮಂಡಿಯ ಅಂಗಳದವರೆಗೆ ಬರಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಮುದುಕ ಹಮಾಲರ ಮೊಣಕಾಲುಗಳನ್ನೇ ಕೇಳಬೇಕು. ಮೊಣಕಾಲಿನ ಮೃದ್ವಸ್ಥಿ ಒಮ್ಮೆ ಸವೆದರೆ ಮತ್ತೆ ಮೊದಲಿನಂತೆ ಬೆಳೆಯುವುದಿಲ್ಲ. ಕಲ್ಲುಕುಟಿಗನ ಪುಪ್ಪುಸದೊಳಗೆ ಸೇರಿದ ಕಲ್ಲಿನ ಹುಡಿಯು ಹೊರಗೆ ಬರುವುದಿಲ್ಲ. ಶಾಲೆಯ ಉಪಾಧ್ಯಾಯನ ಗಂಟಲು, ನಿಂತು ನಿಂತು ಉಬ್ಬಿದ ಕಾಲಿನ ನರಗಳು, ಲೆಕ್ಕದ ಕೋಣೆಯಲ್ಲಿ ಕುಳಿತವನ ಕತ್ತು ಇವೆಲ್ಲ ಇದೇ ಸಾಲಿಗೆ ಸೇರಿದವು. ದುಡಿಮೆಯು ಕೂಲಿಯನ್ನು ಕೊಡುತ್ತದೆ. ಜೊತೆಗೆ ಕಾಯದಿಂದ ತನ್ನ ಪಾಲನ್ನೂ ಕಿತ್ತುಕೊಳ್ಳುತ್ತದೆ. ಕೂಲಿಯು ಶನಿವಾರಕ್ಕೆ ಕೈಸೇರುವುದು. ಕಾಯದ ಪಾಲು ಕಡಿದುಹೋದುದು ತಿಳಿಯುವುದು ಮೂವತ್ತು ವರ್ಷಗಳ ಮೇಲೆ.

ಶರಣರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಅವರ ಚರಿತ್ರೆಗಳು ಕೈಗೆ ಗಾಯವಾಗದ, ಬೆನ್ನು ನೋಯದ ಜನರ ಕಥೆಗಳಲ್ಲ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಹೊತ್ತು ಮಾರಿದನೆಂದು ಪರಂಪರೆ ಹೇಳುತ್ತದೆ. ಕಿರೀಟ ಹೊತ್ತ ತಲೆಯು ಹೊರೆಯನ್ನು ಹೊರಲು ಕಲಿತ ಮೊದಲ ದಿನಗಳಲ್ಲಿ ಆ ಕತ್ತು ಏನೆಂದಿತೋ ಯಾರೂ ಬರೆದಿಡಲಿಲ್ಲ. ಮೇದರ ಕೇತಯ್ಯನ ಕಥೆಯಂತೂ ಸ್ಪಷ್ಟವಾಗಿಯೇ ದುಡಿಮೆಯ ಗಾಯದ ಕಥೆ. ಬುಟ್ಟಿ ಮೊರಗಳನ್ನು ಹೆಣೆದು ಮಾರಿ ಬಂದುದರಿಂದ ಜಂಗಮದಾಸೋಹ ನಡೆಸುತ್ತಿದ್ದ ಆ ಶರಣನು ಬಿದಿರು ಕಡಿಯಹೋದಾಗ ಬಿದಿರೇ ಮೈಗೆ ನಾಟಿ ಪ್ರಾಣಕ್ಕೆ ಬಂದಿತೆಂದೂ, ಅಂತಹ ಹೊತ್ತಿನಲ್ಲಿಯೂ ಅವನ ಮಡದಿಯು ಕಾಯಕವು ನಿಲ್ಲದಂತೆ, ದಾಸೋಹವು ತಪ್ಪದಂತೆ ನೋಡಿಕೊಂಡಳೆಂದೂ ಹೇಳುತ್ತಾರೆ. ಈ ಕಥೆಯನ್ನು ಸಾಮಾನ್ಯವಾಗಿ ಭಕ್ತಿಯ ಉತ್ಕಟತೆಗೆ ನಿದರ್ಶನವಾಗಿ ಓದುವುದು ವಾಡಿಕೆ. ಅದು ಸರಿಯೇ. ಆದರೆ ಅದರೊಳಗೆ ಇನ್ನೊಂದು ಅರ್ಥವೂ ಇದೆ: ದುಡಿಯುವವನು ಬಿದ್ದ ದಿನ ಮನೆಯು ಏನು ಮಾಡಬೇಕೆಂಬ ಪ್ರಶ್ನೆಯು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿಯೇ ಎದ್ದಿತ್ತು, ಅದಕ್ಕೆ ಉತ್ತರವನ್ನು ಒಬ್ಬ ಹೆಂಗಸು ಕೊಟ್ಟಳು.

ಈಗ ಭಕ್ತನ ಮನಸ್ಸಿನಲ್ಲಿ ಏಳುವ ನಿಜವಾದ ತೊಡಕಿಗೆ ಬರಬೇಕು. ಮುಪ್ಪಿಗೆಂದು ಕೂಡಿಡುವುದನ್ನು ಶರಣಧರ್ಮವು ಒಪ್ಪುವುದೇ? ಮುಂದಿನ ದಿನಕ್ಕಾಗಿ ಹೊನ್ನನ್ನಾಗಲಿ ಬಟ್ಟೆಯನ್ನಾಗಲಿ ಬಯಸುವುದಿಲ್ಲವೆಂದು ಬಸವಣ್ಣನವರು ಆಣೆಯಿಟ್ಟು ನುಡಿದ ವಚನವನ್ನು ಅರಿಯದ ಭಕ್ತನಿಲ್ಲ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವೂ ಮನೆಮಾತು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಇಷ್ಟೊಂದು ಆಸೆ ಎಲ್ಲಿಂದ ಬಂದಿತೆಂದು ಲಕ್ಕಮ್ಮನು ಗದರಿದಳು. ಹೆಚ್ಚಾದುದನ್ನು ತಂದಲ್ಲಿಯೇ ಹಾಕಿಬರುವಂತೆ ಕಳಿಸಿದಳು. ಮೋಳಿಗೆಯ ಮಾರಯ್ಯನೂ ಹಾಗೆಯೇ. ಬಸವಣ್ಣನವರು ಅವನ ಬಡತನಕ್ಕೆ ಮರುಗಿ ಗುಟ್ಟಾಗಿ ಇಟ್ಟುಬಂದ ಹೊನ್ನನ್ನು ಅವನು ತನ್ನದೆಂದು ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟನು. ಇವೆಲ್ಲವನ್ನೂ ಕೇಳಿ ಬೆಳೆದ ಭಕ್ತನೊಬ್ಬನು ಅಂಚೆಕಚೇರಿಯಲ್ಲಿಯೋ ಬ್ಯಾಂಕಿನಲ್ಲಿಯೋ ತಿಂಗಳಿಗಿಷ್ಟು ಎಂದು ಕಟ್ಟುವಾಗ, ತಾನು ಅಪನಂಬಿಕೆಯ ಪಾಪವನ್ನು ಮಾಡುತ್ತಿರುವೆನೋ, ಶಿವನು ಕೊಡುವನೆಂಬ ನಚ್ಚನ್ನು ಬಿಟ್ಟು ಬಡ್ಡಿಯನ್ನು ನಚ್ಚುತ್ತಿರುವೆನೋ ಎಂದು ಅಳುಕಿದರೆ ಅದು ಹಗುರಾದ ಅಳುಕಲ್ಲ.

ಆ ಅಳುಕಿಗೆ ಉತ್ತರವನ್ನು ಆ ಪ್ರಸಂಗಗಳ ಒಳಗೇ ಹುಡುಕುವುದು ಲೇಸು. ಮೊದಲನೆಯದಾಗಿ, ಆಣೆಯಿಟ್ಟ ಬಸವಣ್ಣನವರು ಯಾರು? ಬಿಜ್ಜಳನ ಭಂಡಾರಿ. ಅರಸನ ಬೊಕ್ಕಸದ ಬೀಗದಕೈ ಅವರ ಕೈಯಲ್ಲಿತ್ತು. ಅಂತಹವನು ನಾಳೆಗೆಂದು ಒಂದೆಳೆಯನ್ನು ಬಯಸಿದರೂ ಅದು ಪರರ ಧನಕ್ಕೆ ಕೈಯಿಟ್ಟಂತೆ. ಆ ನುಡಿಯು ಪ್ರಾಮಾಣಿಕತೆಯ ಆಣೆಯೇ ಹೊರತು, ಕೂಲಿಕಾರನು ತನ್ನ ಬೆವರಿನಲ್ಲಿ ಉಳಿಸಿದ ಹಣವನ್ನು ಕುರಿತ ಶಾಪವಲ್ಲ. ಲೆಕ್ಕವಿಡುವುದು, ಬರುವ ತಿಂಗಳ ಖರ್ಚನ್ನು ಈ ತಿಂಗಳೇ ಎಣಿಸುವುದು ಭಂಡಾರಿಯ ಕಾಯಕದ ಜೀವಾಳ. ಮುಂದಾಲೋಚನೆಯು ಪಾಪವಾಗಿದ್ದರೆ ಬಸವಣ್ಣನವರು ಒಂದು ದಿನವೂ ಆ ಕಾಯಕದಲ್ಲಿ ಇರುವಂತಿರಲಿಲ್ಲ.

ಎರಡನೆಯದು ಲಕ್ಕಮ್ಮನ ಮಾತು. ಅವಳು ಮಾರಯ್ಯನನ್ನು ಅಕ್ಕಿ ತಂದುದಕ್ಕಾಗಿ ಗದರಲಿಲ್ಲ, ಅಳತೆ ಮೀರಿದುದಕ್ಕಾಗಿ ಗದರಿದಳು. ಅಳತೆ ಎಂಬುದು ಯಾವುದು? ಅಂದಿನ ದಾಸೋಹಕ್ಕೆ ಬೇಕಾದಷ್ಟು. ಹಾಗಾದರೆ ನಾಳೆಯ ಗತಿ? ನಾಳೆಗೆ ಮಹಾಮನೆಯ ಅಂಗಳವಿತ್ತು! ಇಲ್ಲಿಯೇ ಇಡೀ ಪ್ರಶ್ನೆಯ ಕೀಲು ಇರುವುದು. ಮಾರಯ್ಯನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಚೆಲ್ಲಿದುದು ಯಾವ ಅಂಗಳದಲ್ಲಿಯೋ, ನಾಳೆ ಮತ್ತೆ ಆಯುವುದಕ್ಕೆ ಅವನು ಹೋಗುತ್ತಿದ್ದುದೂ ಅದೇ ಅಂಗಳಕ್ಕೆ. ಅವನು ಕಾಯಿಲೆ ಬಿದ್ದರೆ ಅವನನ್ನು ಕೇಳುವ ಶರಣರ ಮನೆಗಳು ಆ ಊರಿನಲ್ಲಿದ್ದುವು. ಒಬ್ಬೊಬ್ಬನ ಮನೆಯಲ್ಲಿ ಕಣಜವಿರದಿದ್ದುದು ಊರಿಗೇ ಒಂದು ಕಣಜವಿದ್ದುದರಿಂದ. ದಾಸೋಹವನ್ನು ಅನ್ನದಾನವೆಂದಷ್ಟೇ ತಿಳಿಯುವವರು ಈ ಸಂಗತಿಯನ್ನು ಕಾಣುವುದಿಲ್ಲ. ದುಡಿಯಬಲ್ಲವನು ದುಡಿದು ಕೊಡುವನು, ದುಡಿಯಲಾರದವನು ಅಳುಕಿಲ್ಲದೆ ಉಣ್ಣುವನು. ಇಂದು ಕೊಟ್ಟವನೇ ನಾಳೆ ಉಣ್ಣುವವನಾದಾನು. ಹಾಗೆ ನೋಡಿದರೆ ಕಲ್ಯಾಣದ ದಾಸೋಹವೇ ಆ ಕಾಲದ ಭವಿಷ್ಯನಿಧಿ.

ಇಂದು ಆ ಅಂಗಳವೆಲ್ಲಿ? ಕೆಲವು ಮಠಗಳ ಪ್ರಸಾದನಿಲಯಗಳಲ್ಲಿ ಮಕ್ಕಳು ಉಂಡು ಓದುತ್ತಿರುವುದು ದೊಡ್ಡ ಸಂಗತಿಯೇ ಸರಿ. ಆದರೆ ಬೆನ್ನು ಬಿದ್ದ ಐವತ್ತೈದರ ನೇಕಾರನನ್ನು ತಿಂಗಳು ತಿಂಗಳು ಕೈಹಿಡಿಯುವ ಮಹಾಮನೆಯು ಊರೂರಿಗೆ ಇದೆಯೆಂದು ಹೇಳುವಂತಿಲ್ಲ. ಅಂಗಳವಿಲ್ಲದ ಊರಿನಲ್ಲಿ ಅಂದಂದಿನ ಅಕ್ಕಿಯನ್ನಷ್ಟೇ ಆಯ್ದುಕೊಂಡು ಉಳಿದುದನ್ನು ಚೆಲ್ಲುವವನು ಲಕ್ಕಮ್ಮನ ನೇಮವನ್ನು ಪಾಲಿಸಿದವನಾಗುವುದಿಲ್ಲ. ಮುಂದೊಂದು ದಿನ ಮಗನ ಮುಂದೆಯೋ ಸಾಹುಕಾರನ ಮುಂದೆಯೋ ಕೈಯೊಡ್ಡುವವನಾಗುತ್ತಾನೆ. ಕೈಯೊಡ್ಡಿ ಬದುಕುವುದನ್ನು ಶರಣರು ಯಾವುದಕ್ಕಿಂತಲೂ ಹೆಚ್ಚಾಗಿ ಹೇಸಿದರು. ಪಂಚಾಚಾರಗಳಲ್ಲಿ ಸದಾಚಾರವೆಂಬುದು ಸತ್ಯವಾದ ಕಾಯಕದಿಂದ ಬಂದುದರಲ್ಲಿ ಬದುಕುವುದು ಎಂದಾದರೆ, ಕಾಯಕ ಸಾಗದ ವರ್ಷಗಳಲ್ಲಿಯೂ ಹಿಂದಿನ ಕಾಯಕದ ಫಲದಿಂದಲೇ ಬದುಕುವಂತೆ ಏರ್ಪಡಿಸಿಕೊಳ್ಳುವುದು ಅದೇ ಸದಾಚಾರದ ಮುಂದುವರಿಕೆ. ಕೂಡಿಡುವುದು ಬೇರೆ, ಕಾದಿರಿಸುವುದು ಬೇರೆ. ಕೂಡಿಡುವವನಿಗೆ ಅಳತೆಯಿಲ್ಲ, ಕಾದಿರಿಸುವವನಿಗೆ ತನ್ನ ಮತ್ತು ತನ್ನವಳ ಮುಪ್ಪಿನ ವರ್ಷಗಳೇ ಅಳತೆ. ಅಳತೆ ಮೀರಿದ ದಿನ ಲಕ್ಕಮ್ಮನ ಗದರಿಕೆಯು ಅವನಿಗೂ ಸಲ್ಲುವುದು.

ಜೇಡರ ದಾಸಿಮಯ್ಯನು ನೇಯ್ದ ವಸ್ತ್ರವನ್ನು ಜಂಗಮರೂಪದ ಶಿವನಿಗೆ ಕೊಟ್ಟು ತವನಿಧಿಯನ್ನು ಪಡೆದನೆಂದು ಪುರಾಣವು ಹೇಳುತ್ತದೆ. ಎಷ್ಟು ತೆಗೆದರೂ ಬರಿದಾಗದ ನಿಧಿ ಅದು. ಅವನ ತರುವಾಯ ಬಂದ ಎಲ್ಲ ನೇಕಾರರಿಗೂ ತವನಿಧಿಯು ದೊರೆಯಲಿಲ್ಲ.

ದೊರೆತುದು ಕಾಯಿದೆ. 1952ರಲ್ಲಿ ನೌಕರರ ಭವಿಷ್ಯನಿಧಿಯ ಕಾಯಿದೆಯು ಬಂದಾಗ ಅದು ಕಾರ್ಖಾನೆಯ ಕೆಲಸಗಾರನನ್ನು ಒಳಗೊಂಡಿತು; ಮನೆಯ ಮಗ್ಗದಲ್ಲಿ ಕುಳಿತವನು, ಹೊಲದಲ್ಲಿ ಕಳೆ ಕೀಳುವವಳು, ಬೀದಿಯಲ್ಲಿ ಬುಟ್ಟಿ ಹೊತ್ತವಳು ಅದರ ಹೊರಗುಳಿದರು. 1972ರ ಗ್ರಾಚ್ಯುಟಿ ಕಾಯಿದೆಯೂ ಸಂಬಳದ ಪುಸ್ತಕದಲ್ಲಿ ಹೆಸರಿದ್ದವರಿಗೇ. ಸರ್ಕಾರಿ ನೌಕರನ ಖಾತರಿಯಾದ ನಿವೃತ್ತಿವೇತನವೂ ಹಳೆಯ ರೂಪದಲ್ಲಿ ಉಳಿಯಲಿಲ್ಲ; ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರು ತಾವೂ ತಿಂಗಳು ತಿಂಗಳು ಕಟ್ಟುವ ಹೊಸ ಪದ್ಧತಿಗೆ ಒಳಪಟ್ಟರು. ಸಂಬಳದ ಚೀಟಿಯಿಲ್ಲದ ದುಡಿಮೆಗಾರರಿಗೆ ಬಾಗಿಲು ತೆರೆದುದು ಬಹಳ ತಡವಾಗಿ. 2015ರಲ್ಲಿ ಬಂದ ಅಟಲ್ ಪಿಂಚಣಿ ಯೋಜನೆಯಲ್ಲಿ 18ರಿಂದ 40 ವರ್ಷದೊಳಗಿನವರು ಸೇರಿ, 60 ತುಂಬಿದ ಮೇಲೆ ತಿಂಗಳಿಗೆ 1000ದಿಂದ 5000 ರೂಪಾಯಿಯವರೆಗೆ ಪಡೆಯುವ ಏರ್ಪಾಡಿದೆ. ಕಟ್ಟಿದವನು ಅಳಿದರೆ ಅವನ ಮಡದಿಗೆ ಅದೇ ಪಿಂಚಣಿಯು ಮುಂದುವರಿಯುತ್ತದೆ.

ಈ ಯೋಜನೆಯ ಲೆಕ್ಕದಲ್ಲಿ ಒಂದು ನೀತಿಯು ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. 5000 ರೂಪಾಯಿಯ ಪಿಂಚಣಿಗಾಗಿ 18ನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಬೇಕು. 40ನೆಯ ವಯಸ್ಸಿನಲ್ಲಿ ಸೇರಿದವನು 1454 ರೂಪಾಯಿ ಕಟ್ಟಬೇಕು. ಮೊದಲನೆಯವನು 42 ವರ್ಷಗಳಲ್ಲಿ ಕಟ್ಟಿದುದು ಒಟ್ಟು 1,05,840 ರೂಪಾಯಿ. ಎರಡನೆಯವನು 20 ವರ್ಷಗಳಲ್ಲಿ ಕಟ್ಟಿದುದು 3,48,960. ಫಲವೋ ಇಬ್ಬರಿಗೂ ಒಂದೇ. ತಡಮಾಡಿದವನು ಮೂರು ಪಾಲಿಗಿಂತ ಹೆಚ್ಚು ತೆತ್ತನು. ಹದಿನೆಂಟರವನಿಗೆ ಮುಪ್ಪಿನ ಮಾತೇ ನಗೆಯ ವಿಷಯ. ನಲವತ್ತರವನಿಗೆ ಅದು ಚಿಂತೆ. ಐವತ್ತರವನಿಗೆ ಆ ಬಾಗಿಲೇ ಮುಚ್ಚಿದೆ. ಆದುದರಿಂದ ಈ ಮಾತನ್ನು ಮುದುಕರಿಗೆ ಹೇಳುವುದಕ್ಕಿಂತ ಮಕ್ಕಳಿಗೆ ಹೇಳುವುದು ಲೇಸು. ಇನ್ನೊಂದನ್ನೂ ಮರೆಯಬಾರದು: ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ರೂಪಾಯಿಯ ಕೊಳ್ಳುವ ಶಕ್ತಿಯು ಅರ್ಧಕ್ಕಿಳಿಯುತ್ತದೆ. ಇಂದಿನ 5000ವನ್ನು ನಂಬಿ ನಾಲ್ಕು ದಶಕಗಳ ಆಚೆಯ ರೊಟ್ಟಿಯನ್ನು ಎಣಿಸುವುದು ಸಾಲದು. ವರಮಾನ ಏರಿದಂತೆ ಎತ್ತಿಡುವ ಪಾಲೂ ಏರಬೇಕು. ಇದಕ್ಕೆ ವೇದಾಂತ ಬೇಕಿಲ್ಲ.

ಎತ್ತಿಡಲು ಉಳಿಯುವುದಾದರೂ ಏನು ಎಂದು ಬಡ ಭಕ್ತನು ಕೇಳುವನು. ನ್ಯಾಯವಾದ ಪ್ರಶ್ನೆ. ಸೀರೆಯ ಬೆಲೆಯಲ್ಲಿ ನೇಯ್ದವನ ಪಾಲು ಎಷ್ಟು ಸಣ್ಣದೆಂಬುದನ್ನು ಬಲ್ಲವರು ಅವನಿಗೆ ಮಿತವ್ಯಯದ ಉಪದೇಶ ಮಾಡಲು ನಾಚುವರು. ಆದರೆ ಅವನ ಕೈಯಿಂದ ಒಮ್ಮೆಲೆ ಜಾರಿಹೋಗುವ ದೊಡ್ಡ ಮೊತ್ತಗಳು ಯಾವುವೆಂಬುದನ್ನು ನೋಡಿದರೆ ಬೇರೊಂದು ಸಂಗತಿಯು ತೋರುತ್ತದೆ. ಮಗಳ ಮದುವೆಯ ಮಂಟಪಕ್ಕೆ ಹತ್ತು ವರ್ಷದ ಉಳಿತಾಯವು ಒಂದೇ ಹಗಲಿನಲ್ಲಿ ಹೋಗುತ್ತದೆ. ಭವಿಷ್ಯನಿಧಿಯಿದ್ದವನು ಅದನ್ನು ಮುರಿದು ಗೃಹಪ್ರವೇಶದ ಊಟ ಹಾಕಿಸುತ್ತಾನೆ. ಬೆನ್ನುನೋವನ್ನು ಮರೆಯಲೆಂದು ಸಂಜೆಗೆ ಕುಡಿಯುವವನು ಕಾಯವನ್ನೂ ಕಾಸನ್ನೂ ಒಟ್ಟಿಗೆ ಕಳೆಯುತ್ತಾನೆ. ಇಳಕಲ್ಲಿನ ಚಿತ್ತರಗಿ ಮಠದ ಡಾ. ಮಹಾಂತ ಸ್ವಾಮಿಗಳು 1975ರಿಂದ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೋಗಿ ದುಡ್ಡಿನ ಬದಲು ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಆ ಜೋಳಿಗೆಗೆ ಬಿದ್ದ ಒಂದೊಂದು ಚಟವೂ ಒಂದೊಂದು ಮನೆಯ ಮುಪ್ಪಿಗೆ ಉಳಿದ ಕಾಳು ಎಂದರೆ ಉತ್ಪ್ರೇಕ್ಷೆಯಾಗದು.

ಮಠಕ್ಕೆ ಸಲ್ಲುವ ಕಾಣಿಕೆಯ ಮಾತನ್ನೂ ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಸಾಲ ಮಾಡಿ ತೇರಿಗೆ ಕೊಡುವ ಭಕ್ತರಿದ್ದಾರೆ. ಮುಪ್ಪಿಗೆಂದಿಟ್ಟುದನ್ನು ತೆಗೆದು ಪಾದಪೂಜೆಗೆ ಸಲ್ಲಿಸುವವರೂ ಇದ್ದಾರೆ. ಕೊಡುವವನ ಭಕ್ತಿಯು ದೊಡ್ಡದಿರಬಹುದು. ಆದರೆ ಲಕ್ಕಮ್ಮನ ಅಳತೆಯು ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಒಂದೇ. ಭಕ್ತನ ನಾಳಿನ ಗಂಜಿಯನ್ನು ಇಂದಿನ ಹಣ್ಣುಕಾಯಿಯಾಗಿ ಪಡೆದ ಪೀಠವು ದಾಸೋಹವನ್ನು ಮಾಡಿದಂತಾಗಲಿಲ್ಲ, ತಿರುಗಿಸಿದಂತಾಯಿತು. ಮಠವು ಹಾಗೆ ಬಂದುದನ್ನು ಮಾರಯ್ಯನಂತೆ ತಂದಲ್ಲಿಗೇ ಹಿಂದಿರುಗಿಸಿದರೆ ಅದಕ್ಕೆ ಕುಂದೇನೂ ಬಾರದು.

ಇನ್ನು ನಿವೃತ್ತಿಯ ಮಾತು. ಕರ್ನಾಟಕದ ಸರ್ಕಾರಿ ನೌಕರನಿಗೆ 2008ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದರು. ಆ ದಿನ ಅವನಿಗೆ ಹಾರ, ಶಾಲು, ಭಾಷಣ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲಿಗೂ ಹೋಗಬೇಕಿಲ್ಲವೆಂದು ತಿಳಿದಾಗ ಅವನ ಮುಖವು ಹೇಗಾಗುವುದೆಂಬುದನ್ನು ಮನೆಯವರು ಮಾತ್ರ ಬಲ್ಲರು. ಕಾಯಕದಲ್ಲಿ ತೊಡಗಿದವನು ಗುರು ಲಿಂಗ ಜಂಗಮಗಳ ಹಂಗನ್ನೂ ಮರೆಯಬಹುದೆಂಬಷ್ಟು ಎತ್ತರಕ್ಕೆ ಶರಣರು ಕಾಯಕವನ್ನು ಏರಿಸಿದರಲ್ಲವೆ? ಹಾಗಿದ್ದಮೇಲೆ ಅದನ್ನು ಬಿಡುವುದು ಹೇಗೆ? ಹುಲ್ಲನ್ನು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನು, ಇಷ್ಟಲಿಂಗವು ಜಾರಿದಾಗಲೂ ಕಾಯಕವನ್ನು ಬಿಡದೆ ಮುಂದೆ ನಡೆದನೆಂಬ ಕಥೆಯನ್ನು ಓದಿದವನಿಗೆ, ಮೈ ಸೋತಿತೆಂದು ಕುಳಿತುಕೊಳ್ಳುವುದೇ ಒಂದು ತಪ್ಪೆಂದು ತೋರಬಹುದು. ಈ ಭಾವನೆಯಿಂದಲೇ ಎಷ್ಟೋ ಮಂದಿ ಹಿರಿಯರು ವೈದ್ಯರು ಬೇಡವೆಂದರೂ ಹೊರೆ ಹೊರುತ್ತಾರೆ, ಮೊಣಕಾಲು ಮಡಚಲಾರದಿದ್ದರೂ ಕುಣಿಗಿಳಿಯುತ್ತಾರೆ.

ಆದರೆ ಕಾಯಕವೆಂದರೆ ಒಂದೇ ಕೆಲಸವಲ್ಲ. ಕಲ್ಯಾಣದ ಶರಣರ ಹೆಸರುಗಳನ್ನು ನೆನೆದರೆ ಸಾಕು: ಹೊರೆ ಹೊತ್ತವನಿದ್ದಂತೆ ದೋಣಿ ನಡೆಸಿದ ಅಂಬಿಗರ ಚೌಡಯ್ಯನಿದ್ದನು, ಅಂಗಳ ಗುಡಿಸಿದ ಸತ್ಯಕ್ಕ, ಕದಿರಿನಲ್ಲಿ ನೂಲು ತೆಗೆದ ಕದಿರ ರೆಮ್ಮವ್ವೆ, ಭತ್ತ ಕುಟ್ಟಿದ ಕೊಟ್ಟಣದ ಸೋಮಮ್ಮ ಇವರೂ ಇದ್ದರು. ಭಾರವಾದ ಕೆಲಸವೇ ಹೆಚ್ಚಿನ ಕಾಯಕವೆಂದು ಯಾರೂ ಅಂದು ತೂಗಲಿಲ್ಲ. ಆದುದರಿಂದ ಕಾಯವು ಇಳಿದಂತೆ ಕಾಯಕವು ಬದಲಾಗುವುದು ಕಾಯಕದ ತ್ಯಾಗವಲ್ಲ. ನಿಂತು ಪಾಠ ಹೇಳಿದವನು ಕುಳಿತು ಇಬ್ಬರು ಹುಡುಗರಿಗೆ ಅಕ್ಷರ ತಿದ್ದಿಸಬಹುದು. ಬೇಸಾಯಗಾರನು ನೊಗವನ್ನು ಮಗನಿಗೆ ಬಿಟ್ಟು ಬೀಜದ ಆಯ್ಕೆಯನ್ನು ತಾನು ಮಾಡಬಹುದು. ಇದನ್ನು ಅರವತ್ತರ ದಿನ ಒಮ್ಮೆಲೆ ಯೋಚಿಸಲು ಕುಳಿತರೆ ತೋಚುವುದಿಲ್ಲ. ಐವತ್ತರಿಂದಲೇ ಕೈಯನ್ನು ಹೊಸದಕ್ಕೆ ಹದಮಾಡಿಕೊಳ್ಳಬೇಕು. ಹಣವನ್ನು ಕಾದಿರಿಸುವಂತೆ ಕೆಲಸವನ್ನೂ ಕಾದಿರಿಸಬೇಕಾಗುತ್ತದೆ.

ಕಾಯವನ್ನು ಕಾದಿರಿಸುವುದಂತೂ ಎಲ್ಲಕ್ಕೂ ಮೊದಲು. ಶರಣರು ದೇಹವನ್ನು ದೇಗುಲವೆಂದು ಕಂಡರು. ಪ್ರಸಾದವನ್ನು ಉಂಡ ಕಾಯವು ಪ್ರಸಾದಕಾಯವೆಂದು ಕರೆದರು. ಪ್ರಸಾದವನ್ನು ನೆಲಕ್ಕೆ ಚೆಲ್ಲಿದರೆ ದೋಷವೆಂದು ಎಲೆಯನ್ನು ಒರೆಸಿ ಉಣ್ಣುವ ಭಕ್ತನು, ಪ್ರಸಾದವೇ ಆದ ಮೈಯನ್ನು ಹೀಗೆ ಚೆಲ್ಲಬಹುದೇ? ಗಂಟೆಗೊಮ್ಮೆ ಕುಣಿಯಿಂದೆದ್ದು ನಾಲ್ಕು ಹೆಜ್ಜೆ ನಡೆಯುವುದು, ಚಾಳೀಸು ಬಂದ ವರ್ಷವೇ ಕನ್ನಡಕ ಹಾಕಿಕೊಳ್ಳುವುದು, ಕಲ್ಲಿನ ಹುಡಿ ಏಳುವಲ್ಲಿ ನೀರು ಚಿಮುಕಿಸಿ ಮೂಗಿಗೆ ಬಟ್ಟೆ ಕಟ್ಟುವುದು, ಭಾರವನ್ನು ಇಬ್ಬರು ಸೇರಿ ಎತ್ತುವುದು: ಇವನ್ನು ಸೋಮಾರಿತನವೆಂದು ನಗುವ ಯಜಮಾನನು ಕಾಯಕವನ್ನು ಅರಿಯದವನು. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಹಿಡಿದು ದೃಷ್ಟಿಯಿಟ್ಟು ಕೂಡಬೇಕಲ್ಲವೆ? ಹೊರೆಯಿಂದ ಹೆಗಲು ಹರಿದವನ ಕೈ ನಡುಗುತ್ತದೆ. ಎಳೆ ಹುಡುಕಿ ಹುಡುಕಿ ದಣಿದ ಕಣ್ಣಿಗೆ ಕರಸ್ಥಲದ ಲಿಂಗವೇ ಮಂಜಾಗುತ್ತದೆ. ಮೊಣಕಾಲು ಹೋದವನು ಆಸನದಲ್ಲಿ ಕುಳಿತುಕೊಳ್ಳಲಾರನು. ಮುಪ್ಪು ಆವರಿಸುವ ಮುನ್ನವೇ ಪೂಜಿಸೆಂದು ಬಸವಣ್ಣನವರು ಎಚ್ಚರಿಸಿದುದರ ಅರ್ಥವು ಅಂತಹ ಹಿರಿಯನನ್ನು ಹತ್ತಿರದಿಂದ ನೋಡಿದವರಿಗೆ ಬೇಗ ತಿಳಿಯುತ್ತದೆ.

ಈವರೆಗೆ ಹೇಳಿದುದೆಲ್ಲ ಹೆಚ್ಚಾಗಿ ಗಂಡಸಿನ ಲೆಕ್ಕ. ಮನೆಯ ಹೆಂಗಸಿನ ಕಾಯಕಕ್ಕೆ ಕೂಲಿಯೂ ಇಲ್ಲ, ನಿವೃತ್ತಿಯೂ ಇಲ್ಲ. ಗಂಡನಿಗೆ ಶಾಲು ಹೊದಿಸಿದ ದಿನವೂ ಅವಳು ಬಂದವರಿಗೆ ಅಡಿಗೆ ಮಾಡಿ ಬಡಿಸಿದಳು. ಮರುದಿನದಿಂದ ಹಗಲೂ ಮನೆಯಲ್ಲಿರುವ ಗಂಡನಿಗೆ ಇನ್ನೆರಡು ಸಲ ಹೆಚ್ಚು ಚಹ ಕಾಸಿದಳು. ಹೊಗೆಯ ಒಲೆಯ ಮುಂದೆ ಕಳೆದ ವರ್ಷಗಳು ಅವಳ ಉಸಿರಿನಲ್ಲಿವೆ. ಕೊಡ ಹೊತ್ತ ವರ್ಷಗಳು ಅವಳ ಸೊಂಟದಲ್ಲಿವೆ. ನೇಕಾರನ ಮನೆಯಲ್ಲಿ ನೂಲು ಸುತ್ತುವುದು, ಹಾಸು ಅಣಿಮಾಡುವುದು ಅವಳ ಪಾಲಿಗೆ. ಸೀರೆಯ ಲೆಕ್ಕದಲ್ಲಿ ಅವಳ ಹೆಸರಿಲ್ಲ. ಗಂಡನ ಹೆಸರಿನಲ್ಲಿ ಮಾತ್ರ ಪಿಂಚಣಿ ಕಟ್ಟುವ ಮನೆಗಳು ಹಲವು. ಅವಳ ಹೆಸರಿನಲ್ಲಿಯೂ ಒಂದು ಪುಸ್ತಕವಿರಬೇಕೆಂಬುದು ಕೃಪೆಯಲ್ಲ, ಋಣ. ಅಳತೆಯನ್ನು ಕಲಿಸಿದ ಲಕ್ಕಮ್ಮನ ಮತದಲ್ಲಿ ಹುಟ್ಟಿದವರು ಅವಳ ಪಾಲನ್ನೇ ಅಳೆಯಲು ಮರೆತರೆ ಅದು ನಗೆಪಾಟಲು.

ಮಕ್ಕಳ ವಿಷಯವನ್ನು ಉದ್ದವಾಗಿ ಹೇಳಬೇಕಾಗಿಲ್ಲ. ಮಕ್ಕಳು ನೋಡಿಕೊಳ್ಳುವರೆಂಬ ನಂಬಿಕೆಯು ಒಳ್ಳೆಯದು. ಆ ನಂಬಿಕೆಯ ಮೇಲೆ ಬದುಕಿರುವಾಗಲೇ ಮನೆ ಹೊಲಗಳನ್ನೆಲ್ಲ ಬರೆದುಕೊಟ್ಟು ಬರಿಗೈಯಾಗುವುದು ಜಾಣತನವಲ್ಲ. ತಂದೆತಾಯಿಗಳ ಪಾಲನೆಯನ್ನು ಕುರಿತ 2007ರ ಕಾಯಿದೆಯು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ತಪ್ಪಿದಾಗ ಹಿಂದಕ್ಕೆ ಪಡೆಯುವ ದಾರಿಯನ್ನು ಇಟ್ಟಿದೆ. ಅಂತಹ ಕಾಯಿದೆಯೊಂದು ಬೇಕಾಯಿತೆಂಬುದೇ ಸಾಕಷ್ಟು ಹೇಳುತ್ತದೆ. ಕೈಯಲ್ಲಿ ತನ್ನದೆಂಬುದು ಸ್ವಲ್ಪವಿದ್ದ ತಂದೆಯು ಮಗನನ್ನು ಪ್ರೀತಿಯಿಂದ ಮಾತಾಡಿಸಬಲ್ಲನು. ಏನೂ ಇಲ್ಲದವನ ಪ್ರೀತಿಯ ಮಾತೂ ಬೇಡಿಕೆಯಂತೆ ಕೇಳಿಸುವ ದಿನ ಬರುತ್ತದೆ.

ಮಗ್ಗದ ಬೀದಿಯಲ್ಲಿ ಬೆಳಗಿನ ಹೊತ್ತು ನಡೆದರೆ ಕೆಲವು ಮನೆಗಳಲ್ಲಿ ಕಾಣುವ ನೋಟವೊಂದಿದೆ. ಕುಣಿಯಲ್ಲಿ ಮಗನು ಕುಳಿತು ನೇಯುತ್ತಿರುತ್ತಾನೆ. ಬಾಗಿಲ ಬಳಿ, ಬೆಳಕು ಬೀಳುವಲ್ಲಿ, ಗೋಡೆಗೆ ಬೆನ್ನು ಕೊಟ್ಟು ಮುದುಕನು ರಾಟೆಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿರುತ್ತಾನೆ. ರೆಮ್ಮವ್ವೆಯ ಕದಿರಿನ ಹಾಗೆ ಅದೂ ತಿರುಗುವ ಕೆಲಸವೇ. ಬೆನ್ನಿಗೆ ಭಾರವಿಲ್ಲ, ಕಣ್ಣಿಗೆ ಎಳೆ ಹುಡುಕುವ ಕಷ್ಟವಿಲ್ಲ. ಲಾಳಿಯಲ್ಲಿ ನೂಲು ಮುಗಿದಾಗ ಮಗನು ಕತ್ತೆತ್ತದೆಯೇ ಕೈಚಾಚುತ್ತಾನೆ. ಮುದುಕನು ತುಂಬಿದ ಕಂಡಿಕೆಯನ್ನು ಕೈಗಿಡುತ್ತಾ, ಎದ್ದು ಒಂದು ಗಳಿಗೆ ಹೊರಗೆ ತಿರುಗಾಡಿ ಬಾರಪ್ಪಾ, ಮಗ್ಗವೇನೂ ಓಡಿಹೋಗುವುದಿಲ್ಲ, ಎನ್ನುತ್ತಾನೆ.